ಕಲ್ಲಿನಡಿಯ ಹುಳ, ಗಾಳದ ತುದಿಯ ನೊಣ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್-ಮೇ ರಜೆಯಲ್ಲಿ ನಮ್ಮ ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಹುಡುಗರು ಚಾರಣಕ್ಕೆಂದು ಹಿಮಾಚಲಕ್ಕೆ ಹೋಗುವುದುಂಟು. ಅಲ್ಲಿ ತೀರ್ಥನ್ ಹೊಳೆಯ ದಂಡೆಯಲ್ಲಿ ಟ್ರೌಟ್ ಹಿಡಿಯುವವರನ್ನು ನೋಡಿ ಬಂದವರು ನನ್ನನ್ನು ಕೇಳುವುದು ಒಂದೇ: ಗಾಳಕ್ಕೆ ಯಾವ ನೊಣ ಕಟ್ಟಬೇಕು?

ನೊಣ ಅಂದರೆ ಜೀವದ ನೊಣವಲ್ಲ. ಸಣ್ಣ ಕೊಕ್ಕೆಗೆ ಹಕ್ಕಿಗರಿ, ರೋಮ, ನೂಲು ಸುತ್ತಿ ಹುಳದ ರೂಪ ಕೊಟ್ಟದ್ದು. ಟ್ರೌಟ್ ತಣ್ಣೀರಿನ ಮೀನು, ನಮ್ಮ ತುಂಗೆ, ಶರಾವತಿಯಲ್ಲಿ ಇಲ್ಲ. ಬ್ರಿಟಿಷರ ಕಾಲದಲ್ಲಿ ಕಾಶ್ಮೀರ, ಹಿಮಾಚಲ, ನೀಲಗಿರಿಯ ಹೊಳೆಗಳಿಗೆ ತಂದು ಬಿಟ್ಟದ್ದು.

ಅಂಗಡಿಯ ಡಬ್ಬಿಯಲ್ಲಿ ಬಣ್ಣಬಣ್ಣದ ನೊಣಗಳಿರುತ್ತವೆ. ಅವನ್ನು ನೋಡಿ ಆರಿಸಬೇಡಿ. ಮೊದಲು ಹೊಳೆಗಿಳಿದು ಒಂದು ಕಲ್ಲು ಎತ್ತಿ, ಅದರ ಅಡಿ ನೋಡಿ. ಮೇಫ್ಲೈ ಎಂಬ ಹುಳ ತಿಂಗಳುಗಟ್ಟಲೆ ಮರಿಯಾಗಿ ನೀರಲ್ಲೇ ಇರುತ್ತದೆ. ರೆಕ್ಕೆ ಬಂದ ಮೇಲೆ ಅದಕ್ಕೆ ತಿನ್ನುವ ಬಾಯಿಯೇ ಇಲ್ಲ, ಹೆಚ್ಚೆಂದರೆ ಒಂದೆರಡು ದಿನದ ಬದುಕು. ಹಾಗಾಗಿ ಮೀನಿಗೆ ದಿನವೂ ಸಿಗುವುದು ಮೇಲೆ ಹಾರುವ ಹುಳವಲ್ಲ, ಕಲ್ಲಿಗಂಟಿದ ಮರಿ. ಟ್ರೌಟ್ ಹೊಟ್ಟೆ ತುಂಬಿಸಿಕೊಳ್ಳುವುದು ಬಹುಪಾಲು ನೀರಿನೊಳಗೇ.

ಗುರುತು ಹಿಡಿಯುವುದು ಕಷ್ಟವಲ್ಲ. ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಎರಡೂ ಪಕ್ಕ ಅಲುಗುವ ಕಿವಿರು ಇದ್ದರೆ ಮೇಫ್ಲೈ ಮರಿ. ಎರಡೇ ಬಾಲ, ಕಾಲಿನ ತುದಿಗೆ ಎರಡೆರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಮರಳು, ಕಡ್ಡಿಚೂರು ಅಂಟಿಸಿಕೊಂಡು ಗೂಡಿನೊಳಗೆ ಕೂತ ಮೆತ್ತನೆಯ ಹುಳ ಕ್ಯಾಡಿಸ್. ಕಂಡ ಹುಳದ ಅಳತೆಯನ್ನು ಮೊದಲು ಹೊಂದಿಸಿ, ಆಮೇಲೆ ಆಕಾರ, ಕೊನೆಗೆ ಬಣ್ಣ. ಬಹಳ ಜನ ಬಣ್ಣದಿಂದ ಶುರುಮಾಡುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಕೊಕ್ಕೆಯ ನಂಬರು ಹೆಚ್ಚಾದಷ್ಟೂ ಗಾತ್ರ ಚಿಕ್ಕದು ಎಂಬುದು ನೆನಪಿರಲಿ: 12 ದೊಡ್ಡದು, 18 ಸಣ್ಣದು.

ಈ ಕಲಿಕೆಗೆ ಹಿಮಾಚಲದವರೆಗೆ ಹೋಗಬೇಕಿಲ್ಲ. ಇದೇ ಬಳಗದ ಹುಳಗಳು ನಮ್ಮ ಹೊಳೆಗಳಲ್ಲೂ ಇವೆ. ಬೇಸಿಗೆಯಲ್ಲಿ ತುಂಗೆ ಇಳಿದು, ಬಂಡೆಗಳ ನಡುವೆ ಮೊಣಕಾಲುದ್ದ ನೀರು ಹರಿಯುವಾಗ ಕಲ್ಲು ಎತ್ತಿ ನೋಡಿ. ನೋಡಿದ ಮೇಲೆ ಅದನ್ನು ಇದ್ದ ಹಾಗೆಯೇ ಮಗುಚಿಡಿ, ಅದು ಆ ಹುಳಗಳ ಮನೆ. ಮಳೆಗಾಲದಲ್ಲಿ ಹೊಳೆಯೇರಿ ಬರುವ ಹತ್ತುಮೀನಿನ ದಾರಿ ಬಲ್ಲ ನಮ್ಮ ಹಳಬರಿಗೆ ಹೊಳೆ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಶೃಂಗೇರಿಯ ದೇವರ ಮೀನಿನ ಹತ್ತಿರ, ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಗಾಳದ ಮಾತೇ ಎತ್ತಬಾರದು. ಮೀನು ಹಿಡಿಯಲು ನೀರಿಗೆ ವಿಷದ ಕಾರೆಕಾಯಿ ಅರೆದು ಹಾಕುವುದು, ಸಿಡಿಮದ್ದಿನ ತೋಟೆ ಸಿಡಿಸುವುದು ನಿಂತರೆ ಈ ಮೀನು, ಈ ಹುಳ ಎರಡೂ ಉಳಿಯುತ್ತವೆ. ಇದನ್ನು ಹೇಳದೆ ನನಗೆ ಮುಂದೆ ಹೋಗಲಾಗುವುದಿಲ್ಲ.

ಇನ್ನು ಮೇ ತಿಂಗಳ ಹಿಮಾಲಯದ ಹೊಳೆ. ಬಿಸಿಲೇರಿದಂತೆ ಮೇಲೆ ಹಿಮ ಕರಗಿ, ಮಧ್ಯಾಹ್ನದ ಮೇಲೆ ನೀರು ಏರುತ್ತದೆ, ಕದಡುತ್ತದೆ. ಬೆಳಿಗ್ಗೆ ತಿಳಿನೀರಿಗೆ ಸಣ್ಣ, ಕಂದು ಬಣ್ಣದ ಮರಿಹುಳದ ನೊಣ ಸಾಕು. ಕದಡಿದ ಮೇಲೆ ದೊಡ್ಡದು, ಕಪ್ಪಗಿನದು, ತಲೆಗೆ ಲೋಹದ ಮಣಿ ಪೋಣಿಸಿದ್ದು ಬೇಕು, ಬೇಗ ತಳ ಮುಟ್ಟಬೇಕಲ್ಲ. ಸಂಜೆ ಹುಳ ಹಾರತೊಡಗಿದಾಗ ಮೀನು ಎದ್ದ ಜಾಗವನ್ನೇ ದಿಟ್ಟಿಸಿ. ಗುಳ್ಳೆ ಉಳಿದರೆ ಮೀನು ಮೇಲ್ಮೈಯ ಹುಳ ನುಂಗಿದೆ, ತೇಲುವ ನೊಣ ಕಟ್ಟಿ. ಗುಳ್ಳೆಯಿಲ್ಲದೆ ಬೆನ್ನಷ್ಟೇ ಕಂಡರೆ ಹುಳವನ್ನು ಮೇಲೇರುವ ದಾರಿಯಲ್ಲೇ ಹಿಡಿಯುತ್ತಿದೆ, ನೀರಿನ ಪೊರೆಯ ಕೆಳಗೇ ನಿಲ್ಲುವ ನೊಣ ಬೇಕು. ಯಾವುದೇ ಇರಲಿ, ದಾರ ಅದನ್ನು ಎಳೆಯದೆ ಹೊಳೆಯ ವೇಗಕ್ಕೇ ಬಿಡಿ. ಎಳೆತ ಕಂಡರೆ ಟ್ರೌಟ್ ಮುಟ್ಟುವುದಿಲ್ಲ.

ಅಲ್ಲಿ ಟ್ರೌಟ್ ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಮೊದಲೇ ಮಾಡಿಸಿಕೊಳ್ಳಿ. ಕೊಕ್ಕೆಯ ಮೊನೆಯ ಬಳಿ ಹಿಮ್ಮುಖವಾಗಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡರೆ ಮೀನಿನ ಬಾಯಿ ಹರಿಯದೆ ಬಿಡಿಸಬಹುದು. ಬಿಡುವ ಮೀನನ್ನು ಒಣಗೈಯಲ್ಲಿ ಹಿಡಿಯಬೇಡಿ, ಮೈಯ ಲೋಳೆ ಹೋಗುತ್ತದೆ.

ನಮಸ್ಕಾರ.