ಮೀನು ತಿರುಗುವಷ್ಟು ಅಗಲ

ಇವತ್ತಿನ ಮಾತನ್ನು ಒಂದು ಮೀನಿನ ಬಾಲದಿಂದ ಆರಂಭಿಸುತ್ತೇನೆ. ಮೂರು ಅಡಿ ಉದ್ದ, ಒಂದು ಅಡಿ ಅಗಲದ ಗಾಜಿನ ತೊಟ್ಟಿಯಲ್ಲಿ ನಾನೊಂದು ಆಸ್ಕರ್ ಮೀನು ಸಾಕಿದ್ದೆ. ತಂದಾಗ ಹೆಬ್ಬೆರಳಿನಷ್ಟಿತ್ತು. ವರ್ಷ ತುಂಬುವಷ್ಟರಲ್ಲಿ ನನ್ನ ಅಂಗೈಯನ್ನು ಮೀರಿ ಬೆಳೆದಿತ್ತು. ಒಂದು ಸಂಜೆ ಆಹಾರ ಹಾಕಿ ನೋಡುತ್ತಾ ಕುಳಿತಿದ್ದೆ. ತೊಟ್ಟಿಯ ತುದಿಗೆ ಬಂದ ಮೀನು ಹಿಂದಿರುಗಬೇಕಿತ್ತು. ಮೂತಿ ಮುಂದಿನ ಗಾಜಿಗೆ ತಾಗಿತು, ಬಾಲ ಹಿಂದಿನ ಗಾಜಿಗೆ ಒತ್ತಿ ಮಡಚಿಕೊಂಡಿತು. ಸ್ವಲ್ಪ ಹಿಂದೆ ಸರಿದು, ಮತ್ತೆ ಮೈ ಬಾಗಿಸಿ, ಇಕ್ಕಟ್ಟಾದ ಓಣಿಯಲ್ಲಿ ಲಾರಿ ಹಿಂದೆಮುಂದೆ ಮಾಡುವಂತೆ ಕಷ್ಟಪಟ್ಟು ತಿರುಗಿತು. ಹತ್ತಿರ ಹೋಗಿ ನೋಡಿದರೆ ಬಾಲದ ಅಂಚು ಸವೆದಿತ್ತು. ಅಲ್ಲಿಯವರೆಗೆ ನಾನು ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂದಷ್ಟೇ ಲೆಕ್ಕ ಹಾಕಿದ್ದೆ.

ದೊಡ್ಡ ಮೀನಿನ ವಿಷಯದಲ್ಲಿ ನಾನು ಮೊದಲು ಕೇಳುವುದು ತೊಟ್ಟಿಯ ಅಗಲವನ್ನು. ಲೀಟರಿನ ಮಾತು ಆಮೇಲೆ. ಎರಡು ತೊಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು 120 ಸೆಂಟಿಮೀಟರ್ ಉದ್ದ, 30 ಅಗಲ, 60 ಎತ್ತರ. ಇನ್ನೊಂದು ಅಷ್ಟೇ ಉದ್ದ, 45 ಅಗಲ, 40 ಎತ್ತರ. ಎರಡರಲ್ಲೂ ಹಿಡಿಯುವುದು 216 ಲೀಟರ್. ಆದರೆ 30 ಸೆಂಟಿಮೀಟರಿನ ಮೀನು ಮೊದಲನೆಯದರಲ್ಲಿ ಮೈ ಮಡಚದೆ ತಿರುಗಲಾರದು, ಎರಡನೆಯದರಲ್ಲಿ ತಿರುಗೀತು. ನೀರಿಗೆ ಆಮ್ಲಜನಕ ಬೆರೆಯುವುದು ಮೇಲ್ಮೈಯಿಂದ. ಆ ಮೇಲ್ಮೈಯೂ ಎರಡನೆಯದರಲ್ಲಿ ಒಂದೂವರೆ ಪಟ್ಟು ಹೆಚ್ಚು. ಎತ್ತರದ ತೊಟ್ಟಿ ಕೋಣೆಗೆ ಶೋಭೆ ತರುತ್ತದೆ, ನಿಜ. ಮೀನಿಗೆ ಬೇಕಾಗಿರುವುದು ನೆಲದ ವಿಸ್ತಾರ.

ನಾನು ಇಟ್ಟುಕೊಂಡಿರುವ ಅಳತೆ ಇಷ್ಟು: ಪೂರ್ತಿ ಬೆಳೆದ ಮೀನಿನ ಉದ್ದದ ಒಂದೂವರೆ ಪಟ್ಟು ಅಗಲ, ನಾಲ್ಕು ಪಟ್ಟು ಉದ್ದ. ಅದಕ್ಕಿಂತ ಕಡಿಮೆ ಬೇಡವೇ ಬೇಡ. ಆಸ್ಕರ್ 30 ಸೆಂಟಿಮೀಟರ್ ಬೆಳೆಯುತ್ತದೆ. ಲೆಕ್ಕದ ಪ್ರಕಾರ ಅದಕ್ಕೆ ಕನಿಷ್ಠ 120 ಉದ್ದ, 45 ಅಗಲ ಬೇಕು; 180 ಉದ್ದ, 60 ಅಗಲ ಕೊಟ್ಟರೆ ನನಗೆ ಸಮಾಧಾನ. ಬೆಳ್ಳಿ ಅರೋವಾನಾ ಸುಮಾರು 90 ಸೆಂಟಿಮೀಟರ್ ಮುಟ್ಟುತ್ತದೆ. ಅದರ ಲೆಕ್ಕವನ್ನು ನೀವೇ ಹಾಕಿ, ಆಮೇಲೆ ನಿಮ್ಮ ಕೋಣೆಯ ಗೋಡೆಯನ್ನು ಅಳೆಯಿರಿ.

"ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಮನುಷ್ಯರಿಗೆ ಹೇಳಿದ ಬುದ್ಧಿ, ಮೀನಿನ ಮೂಳೆಗೆ ಅದು ತಿಳಿಯದು. ಇಕ್ಕಟ್ಟಿನಲ್ಲಿ, ಹೊಲಸು ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ಉಂಟು. ಅದನ್ನು ಹೊಂದಿಕೊಳ್ಳುವುದು ಎನ್ನಬೇಡಿ. ಅದು ಆರೋಗ್ಯ ಕೆಡುವ ಲಕ್ಷಣ. ಹತ್ತು ವರ್ಷಕ್ಕೂ ಹೆಚ್ಚು ಬಾಳಬೇಕಾದ ಆಸ್ಕರ್ ಎರಡು ಮೂರು ವರ್ಷದಲ್ಲಿ ಸತ್ತರೆ, "ಅದರ ಆಯುಸ್ಸೇ ಅಷ್ಟು" ಎಂದು ಕೈತೊಳೆದುಕೊಳ್ಳುವುದು ಸರಿಯಲ್ಲ.

ಇನ್ನು ಕೆಲವರು ಫಿಲ್ಟರ್ ದೊಡ್ಡದಾಗಿದ್ದರೆ ಸಾಲದೇ ಎಂದು ಕೇಳುತ್ತಾರೆ. ಐದು ಸೆಂಟಿಮೀಟರಿನ ಮರಿ 30 ಸೆಂಟಿಮೀಟರ್ ಆದಾಗ ಉದ್ದ ಆರು ಪಟ್ಟಾಗುತ್ತದೆ, ತೂಕ ಮಾತ್ರ ಹೆಚ್ಚುಕಡಿಮೆ 216 ಪಟ್ಟಾಗುತ್ತದೆ. ಉದ್ದದ ಜೊತೆಗೆ ಅಗಲವೂ ದಪ್ಪವೂ ಬೆಳೆಯುತ್ತವಲ್ಲ! ಅಷ್ಟು ದೊಡ್ಡ ಮೈ ಕಿವಿರುಗಳ ಮೂಲಕ ಬಿಡುವ ಅಮೋನಿಯಾವನ್ನು ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ಆ ನೈಟ್ರೇಟ್ ನೀರಿನಲ್ಲೇ ಉಳಿಯುತ್ತದೆ. ನೀರು ಬದಲಿಸದೆ ಗತಿಯಿಲ್ಲ. ತೊಟ್ಟಿ ಚಿಕ್ಕದಾದಷ್ಟೂ ನೈಟ್ರೇಟ್ ಬೇಗ ಏರುತ್ತದೆ. ಒಳ್ಳೆಯ ಫಿಲ್ಟರ್ ನೀರನ್ನು ಸುಧಾರಿಸಬಲ್ಲದು, ಜಾಗವನ್ನಲ್ಲ.

ಉಳಿದವು ಸಣ್ಣ ಮಾತುಗಳು. ಒಂದು ಲೀಟರ್ ನೀರು ಒಂದು ಕಿಲೋ, ಆದ್ದರಿಂದ ಆರು ನೂರು ಲೀಟರಿನ ತೊಟ್ಟಿ ಇಡುವ ಮುನ್ನ ನೆಲ ತಾಳುತ್ತದೆಯೇ ಎಂದು ವಿಚಾರಿಸಿ. ಅರೋವಾನಾಕ್ಕೆ ಭದ್ರವಾದ ಮುಚ್ಚಳ ಬೇಕು. ಅಮೆಜಾನ್ ಪ್ರದೇಶದಲ್ಲಿ ಅದು ನೀರಿನಿಂದ ಮೇಲಕ್ಕೆ ನೆಗೆದು ಕೊಂಬೆಯ ಮೇಲಿನ ಹುಳುಗಳನ್ನು ಹಿಡಿಯುವ ಮೀನು.

ಕೆಂಪು ಬಾಲದ ಕ್ಯಾಟ್‌ಫಿಶ್, ಶಾರ್ಕ್ ಎಂಬ ಹೆಸರಿನಲ್ಲಿ ಮಾರುವ ಪಂಗಾಸಿಯಸ್, ಇವೆರಡೂ ಒಂದು ಮೀಟರ್ ದಾಟಬಲ್ಲವು. ಪಂಗಾಸಿಯಸ್ ಗುಂಪಿನಲ್ಲಿ ಬಾಳುವ ಮೀನು, ಬೆಚ್ಚಿದರೆ ನೇರವಾಗಿ ಗಾಜಿಗೆ ಹೋಗಿ ಬಡಿಯುತ್ತದೆ. ಇವಕ್ಕೆ ಸಾಕಾಗುವ ತೊಟ್ಟಿ ಸಾಮಾನ್ಯ ಮನೆಯಲ್ಲಿ ಇರಲು ಸಾಧ್ಯವಿಲ್ಲ. ಮರಿ ಎಷ್ಟೇ ಮುದ್ದಾಗಿದ್ದರೂ ತರಬೇಡಿ.

ಈಗಾಗಲೇ ತಂದಾಗಿದೆ ಎನ್ನುವವರು ದಯವಿಟ್ಟು ಅದನ್ನು ಕೆರೆಗೋ ಹೊಳೆಗೋ ಬಿಡಬೇಡಿ. ಹೀಗೆ ಬಿಟ್ಟ ಸಕ್ಕರ್ ಮೀನುಗಳು ಎಷ್ಟೋ ದೇಶಗಳ ನೀರಿನಲ್ಲಿ ತಳವೂರಿ ಅಲ್ಲಿನ ಮೀನುಗಳಿಗೆ ಕಂಟಕವಾಗಿವೆ. ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ ಕೊಡಿ. ನಾನು ನನ್ನ ಆಸ್ಕರನ್ನು ಆರು ಅಡಿಯ ತೊಟ್ಟಿ ಇದ್ದ ಗೆಳೆಯರೊಬ್ಬರಿಗೆ ಕೊಟ್ಟೆ. ಕೆಲವು ವಾರಗಳ ನಂತರ ನೋಡಲು ಹೋದಾಗ, ಸವೆದಿದ್ದ ಬಾಲದ ಅಂಚಿನುದ್ದಕ್ಕೂ ಗಾಜಿನಷ್ಟು ತಿಳಿಯಾದ ಹೊಸ ರೆಕ್ಕೆ ಮೂಡುತ್ತಿತ್ತು.