ತಪ್ಪು ಉತ್ತರದ ಒಳಗಿನ ಲೆಕ್ಕ

ಶಿಕ್ಷಕ ಬಂಧುಗಳೇ,

ಆರನೆಯ ತರಗತಿಯ ಒಂದು ನೋಟ್‌ಬುಕ್ಕಿನಿಂದ ಮಾತು ಆರಂಭಿಸುತ್ತೇನೆ. ಅರ್ಧಕ್ಕೆ ಮೂರನೇ ಒಂದು ಭಾಗವನ್ನು ಕೂಡಿಸಬೇಕಾಗಿದ್ದ ಲೆಕ್ಕಕ್ಕೆ ಹುಡುಗಿಯೊಬ್ಬಳು 2/5 ಎಂದು ಉತ್ತರ ಬರೆದಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಇಂಥ ಉತ್ತರಗಳನ್ನು ನಾನು ವರ್ಷಗಟ್ಟಲೆ ಕೆಂಪು ಶಾಯಿಯಿಂದ ಹೊಡೆದುಹಾಕುತ್ತ ಬಂದವನು. ಆ ದಿನ ಸ್ವಲ್ಪ ಬಿಡುವಿದ್ದುದರಿಂದ, ಇದು ಹೇಗೆ ಬಂತಮ್ಮ ಎಂದು ಕೇಳಿದೆ. "ನೀವೇ ಹಾಗೆ ಕೂಡಿಸ್ತೀರಲ್ಲ ಸಾರ್, ಕನ್ನಡದಲ್ಲಿ 25ಕ್ಕೆ 18, ಗಣಿತದಲ್ಲಿ 25ಕ್ಕೆ 12, ಒಟ್ಟು 50ಕ್ಕೆ 30" ಎಂದಳು. ನಾನು ಸಹಿ ಹಾಕಿ ಕೊಟ್ಟಿದ್ದ ಅಂಕಪಟ್ಟಿಯಲ್ಲಿ ಅವು 18/25, 12/25, 30/50 ಎಂದೇ ನಮೂದಾಗಿದ್ದವು.

ಅವಳು ಊಹಿಸಿ ಬರೆದಿರಲಿಲ್ಲ. ಶಾಲೆಯಲ್ಲಿ ಕಣ್ಣಾರೆ ಕಂಡ ಒಂದು ನಿಯಮವನ್ನು ಅದು ಸಲ್ಲದ ಜಾಗದಲ್ಲಿ ಬಳಸಿದ್ದಳು. ಅಂಕಗಳನ್ನು ಕೂಡಿಸುವಾಗ ಪ್ರತಿ ವಿಷಯದೊಂದಿಗೆ 'ಪೂರ್ಣ' ಎಂಬುದೇ ಬೆಳೆಯುತ್ತ ಹೋಗುತ್ತದೆ, 25 ಇದ್ದದ್ದು 50 ಆಗುತ್ತದೆ. ಭಿನ್ನರಾಶಿಗಳನ್ನು ಕೂಡಿಸುವಾಗ ಪೂರ್ಣ ಬದಲಾಗುವುದಿಲ್ಲ. ಎರಡೂ ತುಂಡುಗಳು ಒಂದೇ ಅಳತೆಯ ಹೋಳಿಗೆಯಿಂದ ಬಂದಿರಬೇಕು. ಈ ವ್ಯತ್ಯಾಸವನ್ನು ನಾನು ಯಾವ ತರಗತಿಯಲ್ಲಿಯೂ ಬಿಡಿಸಿ ಹೇಳಿರಲಿಲ್ಲ, ಏಕೆಂದರೆ ಅದನ್ನು ಹೇಳಬೇಕಾಗಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಅರ್ಧ ಹೋಳಿಗೆ ಕೈಯಲ್ಲಿರುವವಳಿಗೆ ಇನ್ನೊಂದು ಚೂರು ಕೊಟ್ಟರೆ ಅವಳ ಪಾಲು ಅರ್ಧಕ್ಕಿಂತ ಕಡಿಮೆಯಾಗುತ್ತದೆಯೇ ಎಂದು ಕೇಳಿದೆ. ಐದರಲ್ಲಿ ಎರಡು ಎಂದರೆ ಅರ್ಧಕ್ಕಿಂತ ಕಡಿಮೆ ಎಂಬುದನ್ನು ಅವಳೇ ಗಮನಿಸಿ, ಉತ್ತರವನ್ನು ತಾನಾಗಿಯೇ ಅಳಿಸಿದಳು.

ಆಮೇಲಷ್ಟೇ ಲ.ಸಾ.ಅ., ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ, ಬಂದದ್ದು. ಸುಮಾರು ಕ್ರಿ.ಶ. 850ರ ಹೊತ್ತಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ ಮಹಾವೀರಾಚಾರ್ಯರು 'ನಿರುದ್ಧ' ಎಂಬ ಹೆಸರಿನಲ್ಲಿ ಇದೇ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಹೇಳಿದ್ದು ಭಿನ್ನರಾಶಿಗಳ ಛೇದಗಳನ್ನು ಒಂದೇ ಆಗಿಸುವುದಕ್ಕಾಗಿ. ಕೆಲಸ ಮುಂದಿತ್ತು, ಸಾಧನ ಅದರ ಹಿಂದೆ ಬಂತು. ನಾವಾದರೋ ಸಾಧನವನ್ನು ಒಂದು ಅಧ್ಯಾಯದಲ್ಲಿ ಉರು ಹೊಡೆಸಿ, ಅದರ ಕೆಲಸವನ್ನು ಹಲವು ವಾರಗಳ ನಂತರ ಇನ್ನೊಂದು ಅಧ್ಯಾಯದಲ್ಲಿ ತೋರಿಸುತ್ತೇವೆ.

ದಶಮಾಂಶದ ಕಥೆಯೂ ಹೀಗೆಯೇ. 2.5 ಮತ್ತು 2.20 ಇವುಗಳಲ್ಲಿ ದೊಡ್ಡದು ಯಾವುದು ಎಂದು ಹಳ್ಳಿಯ ಶಾಲೆಯಲ್ಲಿ ಕೇಳಿ ನೋಡಿ. ಐದಕ್ಕಿಂತ ಇಪ್ಪತ್ತು ದೊಡ್ಡದಾದ್ದರಿಂದ 2.20 ದೊಡ್ಡದು ಎನ್ನುವ ಮಕ್ಕಳು ಬಹಳ. ರೈತರ ಮನೆಯ ಹುಡುಗನಿಗೆ ಪಹಣಿಯ ಪರಿಚಯವಿರುತ್ತದೆ. ಅದರಲ್ಲಿ ಎಕರೆಯ ಮುಂದೆ ಬರೆಯುವುದು ಗುಂಟೆಯನ್ನು. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅಲ್ಲಿ 2-20 ಎಂದರೆ ಎರಡೂವರೆ ಎಕರೆ, 2-5 ಎಂದರೆ ಎರಡು ಎಕರೆ ಐದು ಗುಂಟೆ, ಮತ್ತು ಆ ಲೆಕ್ಕದಲ್ಲಿ 2-20 ನಿಜವಾಗಿಯೂ ದೊಡ್ಡದು. ಅದೇ ಹುಡುಗ ಕ್ರಿಕೆಟ್ ನೋಡುವಾಗ 4.3 ಓವರ್ ಎಂದರೆ ನಾಲ್ಕೂವರೆ ಓವರ್ ಎಂದು ಯಾರೂ ಹೇಳಿಕೊಡದೆ ಅರ್ಥ ಮಾಡಿಕೊಳ್ಳುತ್ತಾನೆ. ಚುಕ್ಕೆಯ ಅಥವಾ ಗೀಟಿನ ಬಲಕ್ಕಿರುವ ಅಂಕಿ ಒಂದು ಕಡೆ 40ರ ಲೆಕ್ಕ, ಇನ್ನೊಂದು ಕಡೆ 6ರ ಲೆಕ್ಕ, ಪಠ್ಯಪುಸ್ತಕದಲ್ಲಿ ಮಾತ್ರ 10ರ ಲೆಕ್ಕ. ಈ ಮೂರನ್ನೂ ಕಪ್ಪುಹಲಗೆಯ ಮೇಲೆ ಒಂದರ ಪಕ್ಕ ಒಂದು ಬರೆದು ಒಂದಿಡೀ ಪೀರಿಯಡ್ ಚರ್ಚಿಸಿದರೆ ದಶಮಾಂಶ ಎಂಬ ಪದಕ್ಕೆ ಅರ್ಥ ಬರುತ್ತದೆ. ಹೊರಗಿನ ಲೆಕ್ಕವನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು ಬಾ ಎಂದರೆ ಮಗು ಬಿಟ್ಟುಬರುವುದಿಲ್ಲ, ಬಚ್ಚಿಟ್ಟುಕೊಂಡು ಬರುತ್ತದೆ.

ವಿಜ್ಞಾನದಲ್ಲಿ ಈ ತೊಡಕು ಇನ್ನೂ ಆಳವಾಗಿದೆ, ಏಕೆಂದರೆ ಅಲ್ಲಿ ಮಕ್ಕಳ ತಪ್ಪುಗಳಲ್ಲಿ ಕೆಲವು ನಮ್ಮವೂ ಆಗಿವೆ. ಪ್ರತಿದಿನ ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಎಂದು ನಂಬಿದ್ದೇವೆ, ಹಾಗೆಯೇ ಹೇಳಿಕೊಟ್ಟಿದ್ದೇವೆ. ಬೆಂಗಳೂರಿನ ಶಾಲೆಯೊಂದರ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಯನ್ನು ಐದು ನಿಮಿಷಕ್ಕೊಮ್ಮೆ ಗುರುತು ಮಾಡಿಸಿದರೆ, ಅತಿ ಗಿಡ್ಡ ನೆರಳು ಸಿಗುವುದು 12ಕ್ಕಲ್ಲ, ವರ್ಷದ ಯಾವ ದಿನವಾದರೂ ಅದಾದ ಮೇಲೆಯೇ, ಏಪ್ರಿಲ್ ಕೊನೆಯಲ್ಲಾದರೆ 12 ಗಂಟೆ 18 ನಿಮಿಷದ ಆಸುಪಾಸಿನಲ್ಲಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷ. ಡಿಸೆಂಬರ್ 21ರ ಸುಮಾರಿಗೆ ಆ ಗಿಡ್ಡ ನೆರಳೂ 74 ಸೆಂಟಿಮೀಟರಿನಷ್ಟಿದ್ದು ಉತ್ತರಕ್ಕೆ ಚಾಚಿರುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಅದು ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಜೂನ್ 21ರಂದು, ಮೋಡ ದಾರಿ ಬಿಟ್ಟರೆ, ಸುಮಾರು 18 ಸೆಂಟಿಮೀಟರ್ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಒಂದು ತರಬೇತಿಯಲ್ಲಿ ಇದನ್ನು ಹೇಳಿದಾಗ ಹಿರಿಯ ಶಿಕ್ಷಕರೊಬ್ಬರು ಒಪ್ಪಲಿಲ್ಲ. ಅವರು ಒಪ್ಪದಿದ್ದುದು ನನಗೆ ಹಿಡಿಸಿತು. ಮನೆಗೆ ಹೋಗಿ ಕೋಲು ನೆಟ್ಟರಂತೆ.

ಈ ಪ್ರಯೋಗಕ್ಕೆ ಕಾಸು ಬೇಡ. ಬೇಕಾದದ್ದು ಒಂದು ವರ್ಷ. ಆದರೆ ನಮ್ಮ ಪಾಠಯೋಜನೆಯಲ್ಲಿ ನೆರಳಿಗೆ ಎರಡು ಪೀರಿಯಡ್ ಇರುತ್ತದೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ವಿಜ್ಞಾನದ ಕಿಟ್ ಬೀರುವಿನಲ್ಲಿ ಭದ್ರವಾಗಿತ್ತು: ಗಾಜು ಒಡೆದರೆ ದಾಸ್ತಾನು ವಹಿಯಲ್ಲಿ ಉತ್ತರ ಬರೆಯಬೇಕಾದವರು ಶಿಕ್ಷಕರು, ಒಡೆಯದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಇಂಥ ಏರ್ಪಾಡಿನಲ್ಲಿ ಶಿಕ್ಷಕರ ಉತ್ಸಾಹದ ಕೊರತೆಯನ್ನು ದೂರುವುದು ನ್ಯಾಯವಲ್ಲ.

ಏರ್ಪಾಡನ್ನೇ ಬದಲಿಸಲು ಹೊರಟ ಒಂದು ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗದ ಮೂಲಕವೇ ಕಲಿಸಲು ತೊಡಗಿದವು. 1978ರಲ್ಲಿ ಅದು ಇಡೀ ಜಿಲ್ಲೆಗೆ ವಿಸ್ತರಿಸಿತು, 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ಕಿಟ್ಟು, ಪುಸ್ತಕಗಳಿಗಿಂತ ನನ್ನ ಗಮನ ಸೆಳೆದದ್ದು ಎರಡು ಸಂಗತಿಗಳು. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ತರಗತಿಯಲ್ಲಿ ಏನಾಯಿತು, ಯಾವ ಪ್ರಯೋಗ ಕೈಕೊಟ್ಟಿತು ಎಂದು ಮಾತನಾಡಿಕೊಳ್ಳುತ್ತಿದ್ದರು. ಪರೀಕ್ಷೆಗೆ ಮಕ್ಕಳು ಪುಸ್ತಕ ತರಬಹುದಾಗಿತ್ತು, ಪ್ರಯೋಗವನ್ನೂ ಮಾಡಿ ತೋರಿಸಬೇಕಾಗಿತ್ತು. ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆಗೆ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿ ಫಲವಿಲ್ಲ. ಹೀಗೆ ಪರೀಕ್ಷೆ ಬದಲಾದ ಕೂಡಲೇ ಪಾಠವೂ ಬದಲಾಗಲೇಬೇಕಾಯಿತು. ಮೂರು ದಶಕ ನಡೆದ ಈ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರವೇ ನಿಲ್ಲಿಸಿತು. ಒಳ್ಳೆಯ ಕೆಲಸ ಹೆಚ್ಚು ಕಾಲ ನಡೆದರೆ ತಾನಾಗಿ ಬೇರೂರುತ್ತದೆ ಎಂಬ ನಂಬಿಕೆ ನನಗೂ ಇತ್ತು, ಈಗ ಅಷ್ಟಿಲ್ಲ.

ಪರೀಕ್ಷೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಆದರೆ ಶಿಕ್ಷಕರ ಸಭೆ ನಮ್ಮ ಕೈಯಲ್ಲಿದೆ. ನಮ್ಮ ಕ್ಲಸ್ಟರ್ ಸಮಾಲೋಚನಾ ಸಭೆಗಳ ಹೆಚ್ಚಿನ ಹೊತ್ತು ಸುತ್ತೋಲೆಗಳ ಓದಿಗೆ ಮತ್ತು ಅಂಕಿಅಂಶಗಳ ಸಂಗ್ರಹಕ್ಕೆ ಹೋಗುತ್ತದೆ. ಅದರಲ್ಲಿ ಒಂದು ಗಂಟೆಯನ್ನು ಬಿಡಿಸಿಕೊಳ್ಳೋಣ ಎಂಬುದು ನನ್ನ ಕೋರಿಕೆ. ಮುಂದಿನ ಸಭೆಗೆ ಪ್ರತಿಯೊಬ್ಬರೂ ಮೂರು ತಪ್ಪು ಉತ್ತರಗಳನ್ನು ತನ್ನಿ. ಮಗುವಿನ ಹೆಸರು ಬೇಡ, ನಿಮ್ಮ ವಿವರಣೆಯೂ ಬೇಡ. 'ಹೇಗೆ ಬಂತು' ಎಂದು ಕೇಳಿದಾಗ ಮಗು ಏನು ಹೇಳಿತೋ ಅದನ್ನು ಅದರ ಮಾತಿನಲ್ಲಿಯೇ ಬರೆದು ತನ್ನಿ. ನಾನು ತರುವ ಮೊದಲನೆಯದು ಆ ಅಂಕಪಟ್ಟಿಯದು. ಉಳಿದ ಎರಡನ್ನು ಇನ್ನೂ ಹುಡುಕಬೇಕು.