ಇಳಿಯಬೇಕಾದ ಆಯಿಲ್ ಏರಿತು

ಈಗ ಬೆಳಿಗ್ಗೆ ಆರೂವರೆ. ಪೋರ್ಟಿಕೋದಲ್ಲಿ ನಿಂತಿರುವುದು ಆರ್‌ಸಿ ಬುಕ್ ಪ್ರಕಾರ ಪ್ರೀಮಿಯರ್ ಪದ್ಮಿನಿ. ನಮ್ಮ ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಅದು ಫಿಯೆಟ್ ಅಷ್ಟೇ. 1089 ಸಿಸಿ ಇಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಮುಂಬೈಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಓಡುತ್ತಿದ್ದವೂ ಇವೇ ಅಲ್ವಾ? ಅಲ್ಲಿ ಪದ್ಮಿನಿ ಟ್ಯಾಕ್ಸಿಗಳ ಓಡಾಟ 2023ರ ಅಕ್ಟೋಬರ್‌ಗೆ ಮುಗಿಯಿತು. ನಮ್ಮದು ಇನ್ನೂ ತರಕಾರಿ ತರುತ್ತಿದೆ.

ಕೈಯಲ್ಲಿರುವುದು ಡಿಪ್‌ಸ್ಟಿಕ್, ಇಂಜಿನ್ ಆಯಿಲ್ ಎಷ್ಟಿದೆ ಅಂತ ಅಳೆಯುವ ಕಡ್ಡಿ. ಎರಡು ಗೆರೆ ಕಾಣ್ತಿದೆಯಲ್ಲ, ಮೇಲಿನದು ಫುಲ್, ಕೆಳಗಿನದು ಕನಿಷ್ಠ, ಅವುಗಳ ನಡುವೆ ಎರಡು ಸೆಂಟಿಮೀಟರ್ ಕೂಡ ಇಲ್ಲ. ಈ ಪುಟ್ಟ ಜಾಗ ನನ್ನನ್ನು ಮೂರು ತಿಂಗಳು ಆಡಿಸಿತು.

ಶುರುವಿನಲ್ಲಿ ಒಂದು ದಿನ ಆಯಿಲ್ ಮೇಲಿನ ಗೆರೆ ದಾಟಿರುತ್ತಿತ್ತು, ಇನ್ನೊಂದು ದಿನ ಕೆಳಗಿನ ಗೆರೆಗೆ ಬಂದಿರುತ್ತಿತ್ತು. ಕಡಿಮೆ ಕಂಡ ದಿನ ಸ್ವಲ್ಪ ಸುರಿಯುತ್ತಿದ್ದೆ, ಜಾಸ್ತಿ ಕಂಡ ದಿನ ತಲೆ ಕೆರೆದುಕೊಳ್ಳುತ್ತಿದ್ದೆ. ಹೀಗೆ ಸುಮ್ನೆ ಸುರಿಯುವುದು ಒಳ್ಳೆಯದಲ್ಲ. ಆಯಿಲ್ ತೀರಾ ಜಾಸ್ತಿಯಾದರೆ ಇಂಜಿನ್ನೊಳಗೆ ತಿರುಗುವ ಕ್ರ್ಯಾಂಕ್ ದಂಡ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ. ನೊರೆ ಹೋದ ಕಡೆ, ಆ ದಂಡ ಕೂತು ತಿರುಗುವ ಬೇರಿಂಗ್‌ಗೆ ಸಿಗುವುದು ಗಾಳಿ.

ತಪ್ಪು ಇದ್ದದ್ದು ನೆಲದಲ್ಲಿ. ಮಳೆನೀರು ಗೇಟಿನ ಕಡೆ ಹರಿಯಲಿ ಅಂತ ನಮ್ಮ ಪೋರ್ಟಿಕೋಗೆ ಇಳಿಜಾರು ಕೊಟ್ಟಿದ್ದಾರೆ. ನಾನು ಒಂದು ದಿನ ಗಾಡಿಯನ್ನು ಮುಂದಾಗಿ ಒಳಗೆ ತರುತ್ತೇನೆ, ಇನ್ನೊಂದು ದಿನ ರಿವರ್ಸ್ ಹಾಕುತ್ತೇನೆ. ಗಾಡಿ ವಾಲಿದಾಗ ಆಯಿಲ್ ಸಂಪಿನ, ಅಂದರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಯ, ಒಂದು ಕಡೆಗೆ ಸರಿಯುತ್ತದೆ, ಆದರೆ ಕಡ್ಡಿ ಇರುವುದು ಒಂದೇ ಜಾಗದಲ್ಲಿ. 20 ಅಡಿಗೆ ಒಂದು ಅಡಿ ಇಳಿಜಾರು ಇದ್ದು, ಕಡ್ಡಿ ಸಂಪಿನ ನಡುವಿನಿಂದ 10 ಸೆಂಟಿಮೀಟರ್ ಆಚೆ ಇದ್ದರೆ, ಲೆಕ್ಕ 5 ಮಿಲಿಮೀಟರ್ ತಪ್ಪುತ್ತದೆ. ಎರಡು ಸೆಂಟಿಮೀಟರ್‌ನಲ್ಲಿ 5 ಮಿಲಿಮೀಟರ್!

ಈಗ ನೋಡಿ, ಹಿಂದಿನ ಚಕ್ರಗಳ ಕೆಳಗೆ ಎರಡು ಹಲಗೆ. ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಗಾರೆ ಕೆಲಸದವರ ಸ್ಪಿರಿಟ್ ಲೆವೆಲ್, ಗುಳ್ಳೆ ಸರಿಯಾಗಿ ಮಧ್ಯದಲ್ಲಿದೆ. ಚಕ್ರಕ್ಕೆ ಕಲ್ಲು ಕೊಟ್ಟಿದ್ದೇನೆ. ಅದನ್ನು ಮರೆಯಬೇಡಿ, ನಮ್ಮ ಗೇಟು ಒಮ್ಮೆ ಪೆಟ್ಟು ತಿಂದಿದೆ.

ಇನ್ನು ಸಮಯ. ಇಂಜಿನ್ ಆಫ್ ಮಾಡಿದ ತಕ್ಷಣ ನೋಡಿದರೆ ಸ್ವಲ್ಪ ಆಯಿಲ್ ಇನ್ನೂ ಇಂಜಿನ್ನಿನ ಮೇಲ್ಭಾಗದಲ್ಲೇ ಇರುತ್ತದೆ. 20ಡಬ್ಲ್ಯೂ-50 ದಪ್ಪ ಆಯಿಲ್, ನಿಧಾನವಾಗಿ ಇಳಿಯುತ್ತದೆ. ಹತ್ತು ನಿಮಿಷವಾದರೂ ಕಾಯಬೇಕು. ಬಿಸಿಯಾದಾಗ ಅದು ಉಬ್ಬುವುದೂ ಉಂಟು: ಮೂರು ಲೀಟರ್ ಆಯಿಲ್ 70 ಡಿಗ್ರಿ ಹೆಚ್ಚು ಕಾದರೆ ಸುಮಾರು 150 ಮಿಲಿ ಜಾಸ್ತಿ ಕಾಣುತ್ತದೆ. ಅದಕ್ಕೇ ನಾನು ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲೇ ನೋಡುತ್ತೇನೆ. ಬಿಸಿಯಲ್ಲಿ ನೋಡುವವರು ಯಾವಾಗಲೂ ಬಿಸಿಯಲ್ಲೇ ನೋಡಲಿ, ಎರಡನ್ನೂ ಬೆರೆಸಬೇಡಿ ಅಷ್ಟೇ.

ಮೊದಲ ಸಲ ಎಳೆದ ಕಡ್ಡಿಯನ್ನು ನಂಬಬೇಡಿ. ಕೊಳವೆಯ ಗೋಡೆಗೆ ಅಂಟಿದ ಆಯಿಲ್ ಅದರ ಮೈಗೆಲ್ಲ ಬಳಿದಿರುತ್ತದೆ. ಒರೆಸಲು ಹಳೇ ಪಂಚೆಯ ತುಂಡು. ಬನಿಯನ್ ಬೇಡ, ನೂಲೆಳೆ ಬಿಡುತ್ತದೆ. ಮತ್ತೆ ಪೂರ್ತಿ ಒಳಗೆ, ಮತ್ತೆ ಹೊರಗೆ. ಎರಡೂ ಮುಖ ನೋಡಿ. ಒಂದು ಮುಖದಲ್ಲಿ ಆಯಿಲ್ ಹೆಚ್ಚು ಮೇಲೆ ಕಂಡರೆ, ಕೆಳಗೆ ಕಂಡ ಅಳತೆಯೇ ಸರಿ.

ಅಳತೆ ಬರೆಯುವುದು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಪಕ್ಕ. ಅಮ್ಮ ಒಂದು ದಿನ ಕೇಳಿದರು, "ಏನೋ ಇದು, ಕಾರಿಗೆ ದಿನಾ ಜ್ವರ ನೋಡ್ತಿದ್ದೀಯಾ?"

ಜ್ವರ ಇತ್ತು. ಅಳತೆ ಸರಿಹೋದ ಮೇಲೆ ಮೂರು ವಾರ ಆಯಿಲ್ ಅಲ್ಲಾಡಲಿಲ್ಲ. ನನಗೋ ಹೆಮ್ಮೆ, ಹಳೇ ಇಂಜಿನ್ ಒಂದು ತೊಟ್ಟೂ ಕುಡಿಯುತ್ತಿಲ್ಲ ಅಂತ. ನಾಲ್ಕನೇ ವಾರ ಅದು 4 ಮಿಲಿಮೀಟರ್ ಏರಿತು! ನಾನು ಏನೂ ಸುರಿದಿರಲಿಲ್ಲ. ಕಡ್ಡಿಯನ್ನು ಮೂಗಿಗೆ ಹಿಡಿದೆ. ಪೆಟ್ರೋಲ್ ವಾಸನೆ.

ಈ ಗಾಡಿಯಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಇಂಜಿನ್ನಿಗೇ ಅಂಟಿಕೊಂಡಿದೆ, ಇಂಜಿನ್ನೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ದಂಡ ಅದನ್ನು ಓಡಿಸುತ್ತದೆ. ಪಂಪಿನ ಒಳಗೆ ತೆಳುವಾದ ರಬ್ಬರ್ ಪರದೆ, ಅದೇ ಡಯಾಫ್ರಂ. ಅದು ಬಿರುಕು ಬಿಟ್ಟರೆ ಪೆಟ್ರೋಲ್ ಸೀದಾ ಸಂಪಿಗೆ ಇಳಿಯುತ್ತದೆ. ಈಗಿನ 20% ಎಥನಾಲ್ ಪೆಟ್ರೋಲ್ ಆ ಕಾಲದ ರಬ್ಬರ್‌ಗೆ ಆಗಿಬರುವುದಿಲ್ಲ. ಬಿಚ್ಚಿ ಟಾರ್ಚ್ ಹಿಡಿದೆ. ಇಗೋ, ಕೂದಲಿನಷ್ಟು ಸಣ್ಣ ಗೆರೆ. ಬೆರಳಿಂದ ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತದೆ.

ಆಗ ಗೊತ್ತಾಯಿತು, ಆ ಮೂರು ವಾರವೂ ಇಂಜಿನ್ ಆಯಿಲ್ ಕುಡಿಯುತ್ತಲೇ ಇತ್ತು. ಹೋದಷ್ಟನ್ನು ಪೆಟ್ರೋಲ್ ತುಂಬಿಸುತ್ತಿತ್ತು. ಕಡ್ಡಿ ನೋಡಿ ಎಲ್ಲ ಸರಿ ಅಂದುಕೊಂಡೆ, ಒಳಗೆ ಆಯಿಲ್ ನೀರಾಗುತ್ತಿತ್ತು. ಇಂಥ ವಾಸನೆ ಬಂದರೆ ಇಂಜಿನ್ ಸ್ಟಾರ್ಟ್ ಮಾಡಬೇಡಿ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ, ಪೆಟ್ರೋಲ್ ಆವಿಗೆ ಬೆಂಕಿ ಹತ್ತಲೂಬಹುದು. ಹತ್ತಿರ ಬೀಡಿ, ಸಿಗರೇಟು ಬೇಡವೇ ಬೇಡ.

ಹಳೇ ಆಯಿಲ್ ಪೂರ್ತಿ ಇಳಿಸಿದೆ, ಹೊಸ ಫಿಲ್ಟರ್, ಹೊಸ ಡಯಾಫ್ರಂ. ಹೇಗೂ ಸಂಪು ಖಾಲಿ ಇತ್ತಲ್ಲ, ಕಡ್ಡಿಯನ್ನೂ ಪರೀಕ್ಷೆ ಮಾಡಿದೆ. ಹಳೇ ಗಾಡಿಗಳಲ್ಲಿ ಯಾವುದೋ ಇಂಜಿನ್ನಿನ ಕಡ್ಡಿ ಯಾವುದಕ್ಕೋ ಸೇರಿರುತ್ತದೆ. ಮ್ಯಾನ್ಯುಯಲ್ ಹೇಳಿದಷ್ಟನ್ನು ಅಳತೆ ಜಗ್ಗಿನಲ್ಲಿ ಸುರಿದು, ಫಿಲ್ಟರ್ ತುಂಬಲಿ ಅಂತ ಎರಡು ನಿಮಿಷ ಓಡಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ, ಆಯಿಲ್ ಮೇಲಿನ ಗೆರೆಗಿಂತ 3 ಮಿಲಿಮೀಟರ್ ಕೆಳಗೆ. ಅಲ್ಲೇ ಅರದಿಂದ ಸಣ್ಣ ಗೀರು ಹಾಕಿದೆ. ಇನ್ನು ನನಗೆ ಅದೇ ಫುಲ್.

ಇದು ಇವತ್ತಿನ ಅಳತೆ. ಒಂದು ಸಲ ಒರೆಸಿದೆ. ಒಳಗೆ. ಹೊರಗೆ. ಗೀರಿಗಿಂತ 2 ಮಿಲಿಮೀಟರ್ ಇಳಿದಿದೆ, ವಾಸನೆ ಇಲ್ಲ. ಆಯಿಲ್ ಇಳಿದದ್ದಕ್ಕೆ ಇಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು. ತಾಳಿ, ಕ್ಯಾಲೆಂಡರ್‌ನಲ್ಲಿ ಬರೆದು ಬರುತ್ತೇನೆ.